ಮೇಷ್ಟ್ರ ಮೇಜು: ಸೀಟು ಸಿಕ್ಕಿತು, ಲೀನಿಯರ್ ಆಲ್ಜೀಬ್ರಾ ಉಳಿಯಿತು

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಆರನೇ ಸೆಮ್ ಓದುತ್ತಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಎನ್‌ಎಲ್‌ಸ್ಯಾಟ್ ಎಂಟ್ರೆನ್ಸ್ ಬರೆದಿದ್ದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಪ್ರೊವಿಷನಲ್ ಆಗಿ, ಅಂದರೆ ಡಿಗ್ರಿ ಪಾಸಾಗಬೇಕು ಅನ್ನುವ ಷರತ್ತಿನ ಮೇಲೆ, ಸೀಟು ಸಿಕ್ಕಿದೆ. ಅಪ್ಪ ಸೊಸೈಟಿಯಲ್ಲಿ ಅಡಿಕೆ ಮೇಲೆ ಸಾಲ ತೆಗೆದು ಮೊದಲ ಕಂತು ಕಟ್ಟಿದ್ದಾರೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೊ ಹಾಕಿದ್ದಾರೆ. ಆದರೆ ಲೀನಿಯರ್ ಆಲ್ಜೀಬ್ರಾ ಮೊದಲ ಇಂಟರ್ನಲ್‌ನಲ್ಲಿ ನನಗೆ 20ಕ್ಕೆ 5 ಬಂದಿದೆ. ಎಂಟ್ರೆನ್ಸ್‌ಗೆ ಓದುವಾಗ ಕ್ಲಾಸ್ ತುಂಬಾ ತಪ್ಪಿಸಿದೆ. ಈಗ ಪುಸ್ತಕ ತೆಗೆದರೆ ಕಣ್ಣು ಓಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಸರ್ ಹತ್ತಿರ ಡೌಟ್ ಕೇಳಲು ನಾಚಿಕೆ. ಅವರು ಜೂನಿಯರ್‌ಗಳ ಕ್ಲಾಸಿನಲ್ಲೆಲ್ಲ ನನ್ನ ಹೆಸರು ಹೇಳಿ ಹೊಗಳುತ್ತಿದ್ದಾರೆ. ಅಮ್ಮ ‘ಸೀಟು ಸಿಕ್ತಲ್ಲ, ಇನ್ನೇನು ಚಿಂತೆ’ ಅನ್ನುತ್ತಾರೆ. ಈ ಪೇಪರ್ ಬಿಟ್ಟು ಮುಂದಿನ ವರ್ಷ ಬರೆಯಬಹುದೇ? ಲಾ ಸ್ಕೂಲಿಗೆ ಈಗಲೇ ವಿಷಯ ತಿಳಿಸಬೇಕೇ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ನಿನ್ನ ಎರಡು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನಮ್ಮ, ಉಳಿದದ್ದನ್ನು ನಿಧಾನಕ್ಕೆ ಓದಿಕೋ. ಪೇಪರ್ ಬಿಡಬೇಡ. ಲಾ ಸ್ಕೂಲಿಗೆ ಈಗ ಏನೂ ಬರೆಯಬೇಡ.

ಪೇಪರ್ ಯಾಕೆ ಬಿಡಬಾರದು ಅಂದರೆ, ಒಂದು ಪೇಪರ್ ಉಳಿದರೂ ಡಿಗ್ರಿ ಇಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಡಿಗ್ರಿಯೇ ಬಾಗಿಲು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲೇ ಇದು ಇದೆ. ಡಿಗ್ರಿ ಮುಗಿಸಿರಬೇಕು, ಸಾಮಾನ್ಯ ವರ್ಗದವರಿಗೆ ಒಟ್ಟಾರೆ ಕನಿಷ್ಠ ಶೇ 45 ಇರಬೇಕು. ಒಬಿಸಿಗೆ 42, ಎಸ್‌ಸಿ, ಎಸ್‌ಟಿಗೆ 40. ಐದು ಸೆಮ್‌ನಲ್ಲಿ ನಿನ್ನದು ಎಷ್ಟಾಗಿದೆ ಅಂತ ನೀನು ಬರೆದಿಲ್ಲ. ಬೋರ್ಡಿನಲ್ಲಿ ಫೋಟೊ ಹಾಕುವಷ್ಟು ಓದುವವಳು ಅಂದಮೇಲೆ ಶೇ 45ರ ಭಯ ನಿನಗೆ ಇರಲಾರದು. ನಿನ್ನ ಒಟ್ಟು ಶೇಕಡಾವಾರಿಗೆ ಈ ಒಂದು ಪೇಪರ್‌ನಿಂದ ಏನೂ ಆಗುವುದಿಲ್ಲ. ಆದರೆ ಫೇಲ್ ಆದರೆ ಆ ಶೇಕಡಾವಾರಿಗೆ ಬೆಲೆಯೇ ಇಲ್ಲ. ಅಲ್ಲಿಗೆ ನೀನು ಮಾಡಬೇಕಾದ್ದು ಇಷ್ಟೇ: ಈ ಪೇಪರ್ ಪಾಸ್ ಮಾಡುವುದು. ಡಿಸ್ಟಿಂಕ್ಷನ್ ಯಾರೂ ಕೇಳುತ್ತಿಲ್ಲ. ನಿನಗೆ ಅಂಥ ಅಭ್ಯಾಸ ಇಲ್ಲದಿರುವುದರಿಂದ ಇದು ಕಷ್ಟ ಅನ್ನಿಸಬಹುದು. ಚೆನ್ನಾಗಿ ಓದುವ ಮಕ್ಕಳಿಗೆ ‘ಪಾಸಾದರೆ ಸಾಕು’ ಅಂತ ಓದೋದು ಬರುವುದೇ ಇಲ್ಲ. ಮೊದಲ ಪುಟದಿಂದ ಶುರು ಮಾಡಿ, ಎರಡನೇ ಚಾಪ್ಟರ್‌ನಲ್ಲಿ ಸಿಕ್ಕಿಕೊಂಡು, ಅಳುತ್ತಾ ಕೂರುತ್ತಾರೆ.

ಇನ್ನೊಂದು ಕಾರಣ ಇದೆ, ಇದನ್ನು ನಿನಗೆ ಯಾರೂ ಹೇಳಿರಲಾರರು. ನೀನು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸ್ಕೀಮಿನ ಕೊನೆಯ ಬ್ಯಾಚ್. 2024–25ರಲ್ಲಿ ಸೇರಿದವರಿಂದ ರಾಜ್ಯದಲ್ಲಿ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂತು. ಪಠ್ಯ, ಅಂಕದ ಹಂಚಿಕೆ ಎರಡೂ ಬದಲಾದವು. ಮುಂದಿನ ವರ್ಷ ಆರನೇ ಸೆಮ್‌ನಲ್ಲಿ ಕೂರುವ ನಿನ್ನ ಜೂನಿಯರ್‌ಗಳು ಬೇರೆ ಸ್ಕೀಮಿನವರು. ನೀನು ಆಗ ‘ಹಳೇ ಸ್ಕೀಮ್ ರಿಪೀಟರ್’. ಕೂತು ಕೇಳಲು ಕ್ಲಾಸ್ ಇರುವುದಿಲ್ಲ, ನೋಟ್ಸ್ ಹಂಚಿಕೊಳ್ಳಲು ಜೊತೆಯವರು ಇರುವುದಿಲ್ಲ, ಪರೀಕ್ಷೆಯ ನೋಟಿಫಿಕೇಷನ್ ಯಾವಾಗ ಬರುತ್ತದೆ ಅಂತ ನಾಗರಬಾವಿಯ ಲಾ ಸ್ಕೂಲ್ ಹಾಸ್ಟೆಲಿನಲ್ಲಿ ಕೂತು ನೋಡುತ್ತಾ ಇರಬೇಕು. ಕೆಲವು ವಿಶ್ವವಿದ್ಯಾಲಯಗಳು ಕೊನೆಯ ವರ್ಷದವರಿಗೆ ಬೇಗನೆ ಪೂರಕ ಪರೀಕ್ಷೆ ಮಾಡುತ್ತವೆ. ಮಾಡಿದರೆ ಪುಣ್ಯ. ಅದನ್ನು ನಂಬಿಕೊಂಡು ಪ್ಲ್ಯಾನ್ ಮಾಡಬೇಡ.

ಈಗ ಅಂಕದ ಲೆಕ್ಕ. ನಿನ್ನ ಸ್ಕೀಮಿನಲ್ಲಿ ಥಿಯರಿ 60, ಐಎ (ಇಂಟರ್ನಲ್ ಅಂಕ) 40. ಪಾಸಿಗೆ ಎರಡು ಗೆರೆ ಇರುತ್ತವೆ: ಥಿಯರಿಯಲ್ಲಿ ಬೇರೆಯಾಗಿ ಒಂದು ಕನಿಷ್ಠ, ಐಎ ಸೇರಿಸಿ ಒಟ್ಟಿಗೆ ಇನ್ನೊಂದು. ನಿನ್ನ ವಿಶ್ವವಿದ್ಯಾಲಯದ ರೆಗ್ಯುಲೇಷನ್ ತೆಗೆದು ಎರಡೂ ಸಂಖ್ಯೆ ಬರೆದಿಟ್ಟುಕೋ. ಗೆಳತಿಯ ಬಾಯಿಂದ ಕೇಳಿದ್ದು ಬೇಡ, ಜೂನಿಯರ್‌ಗಳ ಲೆಕ್ಕ ಖಂಡಿತ ಬೇಡ. ಐಎ ಎಷ್ಟೇ ಚೆನ್ನಾಗಿ ಬಂದಿರಲಿ, ಥಿಯರಿಯ ಗೆರೆ ದಾಟದಿದ್ದರೆ ಫೇಲೇ. ಅತ್ತ ಐಎ ತೀರ ಕಡಿಮೆ ಆದರೆ ಥಿಯರಿಯಲ್ಲಿ ಗೆರೆ ದಾಟಿಯೂ ಒಟ್ಟಿನಲ್ಲಿ ಬೀಳುತ್ತೀ. ಹಾಗಾಗಿ ನಿನ್ನ 20ಕ್ಕೆ 5 ಕಥೆ ಮುಗಿದ ಕಥೆಯಲ್ಲ. ಎರಡನೇ ಟೆಸ್ಟ್ ಇದೆ, ಅಸೈನ್‌ಮೆಂಟ್ ಇದೆ, ಸೆಮಿನಾರ್ ಇದೆ. ಇವೆಲ್ಲ ಮುಗಿದು ನಿಮ್ಮ ಸರ್ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅಂಕ ಏರಿಸಿ ಲಾಕ್ ಮಾಡಿದ ಮೇಲೆ ದೇವರು ಬಂದರೂ ಅಲ್ಲಾಡುವುದಿಲ್ಲ. ಅದಕ್ಕೆ ಮುಂಚೆ ಹೋಗಿ ಅವರನ್ನು ಕಾಣಬೇಕು. ಕ್ಲಾಸ್ ತಪ್ಪಿಸಿದೆ ಅಂದೆಯಲ್ಲ, ಹಾಜರಾತಿ ಶೇ 75 ಇದೆಯೋ ಇಲ್ಲವೋ ಅದನ್ನೂ ಅವತ್ತೇ ನೋಡು. ಶಾರ್ಟೇಜ್ ಅಂತ ಹಾಲ್ ಟಿಕೆಟ್ ನಿಂತರೆ ಗಣಿತ ಬಂದರೂ ಉಪಯೋಗವಿಲ್ಲ.

ನಾಚಿಕೆ ಅಂದೆಯಲ್ಲ, ನಿನ್ನ ಕಾಗದದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಅದೇ. ಗಣಿತ ನಿನಗೆ ಮೊದಲೂ ಇಷ್ಟೇ ಕಷ್ಟ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಐದು ಸೆಮ್ ದಾಟಿ ಬಂದವಳು ನೀನು. ಡೌಟ್ ಕೇಳುವ ಬಾಗಿಲು ಮುಚ್ಚಿದ್ದು ಆ ಬೋರ್ಡಿನ ಫೋಟೊ. ಫೋಟೊದಲ್ಲಿರುವವಳಿಗೆ ಬೇಸಿಸ್ ಅಂದರೇನು ಅಂತ ಗೊತ್ತಿಲ್ಲ ಅಂತ ಹೇಗೆ ಹೇಳೋದು ಅಂತ ನಿನಗೆ ಸಂಕಟ. ನಾನು ಕಡೂರು, ಅರಸೀಕೆರೆ ಕಡೆ ಪಾಠ ಮಾಡಿಕೊಂಡು ನಿವೃತ್ತನಾದವನು. ಸೀಟು ಸಿಕ್ಕ ಹುಡುಗ ಹುಡುಗಿಯರು ಕೊನೆಯ ಸೆಮ್‌ನಲ್ಲಿ ಸ್ಟಾಫ್ ರೂಮಿನ ಮುಂದೆ ಬಂದು, ಒಳಗೆ ಯಾರಿದ್ದಾರೆ ನೋಡಿ, ಹಾಗೇ ವಾಪಸ್ ಹೋಗುವುದನ್ನು ನಾವೆಲ್ಲ ನೋಡುತ್ತಿದ್ದೆವು. ಒಬ್ಬ ಹುಡುಗ ಎಂಸಿಎ ಸೀಟು ಗಿಟ್ಟಿಸಿದ ಮೇಲೆ, ನನ್ನ ಬದಲು ನಮ್ಮ ಅಟೆಂಡರ್ ಹತ್ತಿರ ‘ಸರ್ ಮೂಡು ಹೇಗಿದೆ’ ಅಂತ ಕೇಳುತ್ತಿದ್ದ. ಮೇಷ್ಟ್ರ ಕಡೆಯ ವಿಷಯ ನಿನಗೆ ಗೊತ್ತಿರಲಿ: ಹೊಗಳಿದ ವಿದ್ಯಾರ್ಥಿ ಬಂದು ‘ಸರ್, ಇದು ನನಗೆ ಬರ್ತಿಲ್ಲ’ ಅಂದರೆ ನಮಗೆ ಬೇಜಾರಾಗುವುದಿಲ್ಲ. ಹೊಗಳಿದವನೇ ಫೇಲಾದರೆ ಆಗುತ್ತದೆ.

ಹೋಗಿ ಏನು ಹೇಳಬೇಕು? ‘ಸರ್, ಪೂರ್ತಿ ಸಬ್ಜೆಕ್ಟೇ ಅರ್ಥವಾಗಿಲ್ಲ’ ಅಂತ ಹೇಳಬೇಡ, ಅದಕ್ಕೆ ಯಾವ ಮೇಷ್ಟ್ರಿಗೂ ಉತ್ತರ ಇಲ್ಲ. ‘ಓದಮ್ಮ’ ಅಂತಾರೆ ಅಷ್ಟೇ. ಒಂದು ಲೆಕ್ಕ ತೆಗೆದುಕೊಂಡು ಹೋಗು. ಎಲ್ಲಿ ನಿಂತೆಯೋ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಹಾಕಿಕೊಂಡು ಹೋಗು.

ಯಾವ ಲೆಕ್ಕ ಅಂತ ಕೇಳಿದರೆ, ಇಲ್ಲೇ ಒಂದು ಮಾಡೋಣ. ಸಬ್‌ಸ್ಪೇಸ್. ನೀನು ಲಾ ಓದಲು ಹೊರಟವಳು, ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಇನ್ನು ಕೆಲವು ತಿಂಗಳಲ್ಲಿ ನಿನಗೆ ಬಾಯಿಪಾಠ ಆಗಿರುತ್ತದೆ. ಕಳವು ಅನ್ನಿಸಿಕೊಳ್ಳಬೇಕಾದರೆ ಅದು ಚರ ವಸ್ತು ಆಗಿರಬೇಕು, ಇನ್ನೊಬ್ಬರ ವಶದಲ್ಲಿ ಇರಬೇಕು, ಅವರ ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶ ಇರಬೇಕು, ಆ ಉದ್ದೇಶದಿಂದ ವಸ್ತುವನ್ನು ಕದಲಿಸಿರಬೇಕು. ಒಂದು ಅಂಶ ಬಿದ್ದರೂ ಕಳವಿನ ಕೇಸ್ ಬಿತ್ತು. ಸಬ್‌ಸ್ಪೇಸ್ ಹೌದೋ ಅಲ್ಲವೋ ಅಂತ ನೋಡುವುದೂ ಹೀಗೇ. ಸೊನ್ನೆ ವೆಕ್ಟರ್ ಒಳಗಿದೆಯೇ? ಒಳಗಿನ ಎರಡನ್ನು ಕೂಡಿದರೆ ಒಳಗೇ ಉಳಿಯುತ್ತದೆಯೇ? ಒಳಗಿನ ಒಂದನ್ನು ಯಾವುದೇ ಸಂಖ್ಯೆಯಿಂದ ಗುಣಿಸಿದರೆ ಒಳಗೇ ಉಳಿಯುತ್ತದೆಯೇ? ಎಕ್ಸ್ + ವೈ + ಝಡ್ = 0 ಆಗುವ ಬಿಂದುಗಳನ್ನೆಲ್ಲ ತಗೋ; ಮೂರೂ ಪ್ರಶ್ನೆಗೆ ಹೌದು, ಸಬ್‌ಸ್ಪೇಸ್. ಅದನ್ನೇ = 1 ಮಾಡು. (0, 0, 0) ಹಾಕಿದರೆ ಎಡಗಡೆ 0, ಬಲಗಡೆ 1. ಮೊದಲ ಅಂಶವೇ ಬಿತ್ತು, ಕೇಸ್ ವಜಾ. ಮುಂದಿನದು ನೋಡುವ ಅಗತ್ಯವೇ ಇಲ್ಲ. (ಈ ಹೋಲಿಕೆಯನ್ನು ಜಾಸ್ತಿ ಎಳೆಯಬೇಡ. ವಕೀಲರಿಗೆ ಎದುರು ವಕೀಲರಿರುತ್ತಾರೆ, ಸಬ್‌ಸ್ಪೇಸ್‌ಗೆ ಯಾರೂ ತಕರಾರು ಹಾಕುವುದಿಲ್ಲ.)

ಇನ್ನೊಂದು. ರ‍್ಯಾಂಕ್–ನಲಿಟಿ ಥಿಯರಮ್ ಅಂದರೆ ನಿಮ್ಮ ಬ್ಯಾಚಿನವರೆಲ್ಲ ಹೆದರುತ್ತೀರಿ. (ಎಕ್ಸ್, ವೈ, ಝಡ್) ಕೊಟ್ಟರೆ (ಎಕ್ಸ್+ವೈ, ವೈ+ಝಡ್, ಎಕ್ಸ್−ಝಡ್) ಕೊಡುವ ಟ್ರಾನ್ಸ್‌ಫರ್ಮೇಷನ್ ಇದೆ ಅನ್ನು. ಕೆಲಸ ಶುರು ಮಾಡುವ ಮುಂಚೆ ಸುಮ್ಮನೆ ಒಂದು ನಿಮಿಷ ಅದನ್ನು ನೋಡು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆ: ವೈ ಹೋಯಿತು, ಎಕ್ಸ್−ಝಡ್ ಉಳಿಯಿತು. ಅದೇ ತಾನೇ ಮೂರನೆಯದು! ಅಂದರೆ ಮೂರನೆಯದು ಹೊಸದಾಗಿ ಏನನ್ನೂ ಹೇಳುತ್ತಿಲ್ಲ. ನಿಜವಾಗಿ ಇರುವುದು ಎರಡೇ, ರ‍್ಯಾಂಕ್ 2. ಇನ್ನು ಮೂರನ್ನೂ ಸೊನ್ನೆ ಮಾಡುವುದು ಯಾವುದು? ಎಕ್ಸ್ = −ವೈ, ಝಡ್ = −ವೈ. ವೈ ಜಾಗದಲ್ಲಿ −1 ಹಾಕು, (1, −1, 1) ಬಂತು. ಅದು ಮತ್ತು ಅದರ ಗುಣಕಗಳು, ಅಷ್ಟೇ, ನಲಿಟಿ 1. ಎರಡೂ ಕೂಡಿದರೆ 3; ಶುರುವಿನಲ್ಲಿ ಕೊಟ್ಟ ಎಕ್ಸ್, ವೈ, ಝಡ್ ಕೂಡ ಮೂರೇ. ಥಿಯರಮ್ ವೆರಿಫೈ ಆಯಿತು. ಇಷ್ಟು ಬಿಡಿಸಿದ್ದಕ್ಕೆ ಮೌಲ್ಯಮಾಪಕರು ಪೂರ್ತಿ ಅಂಕ ಕೊಡುತ್ತಾರೆ. ನೀನು ಅರ್ಧಕ್ಕೆ ನಿಂತರೂ ಆ ಅರ್ಧಕ್ಕೆ ಸ್ಟೆಪ್ ಮಾರ್ಕ್ಸ್ ಇದೆ. ಉತ್ತರಪತ್ರಿಕೆ ತಿದ್ದುವಾಗ ನಮ್ಮ ಕೈ ಕಟ್ಟಿಹಾಕುವುದು ಖಾಲಿ ಪುಟ ಮಾತ್ರ. ಡೆಫಿನಿಷನ್ ಸರಿಯಾಗಿ ಬರೆದು ಅಲ್ಲಿಗೇ ಬಿಟ್ಟವರಿಗೂ ಒಂದೋ ಎರಡೋ ಹಾಕಲು ಜಾಗ ಇರುತ್ತದೆ.

ಈ ಸಬ್ಜೆಕ್ಟಿನಲ್ಲಿ ಲೆಕ್ಕದ ರೂಪದ ಪ್ರಶ್ನೆ ಬರುವ ಜಾಗಗಳು ಗೊತ್ತಿರುವಂಥವೇ: ವೆಕ್ಟರ್‌ಗಳು ಡಿಪೆಂಡೆಂಟೋ ಇಂಡಿಪೆಂಡೆಂಟೋ ನೋಡುವುದು, ಬೇಸಿಸ್ ಹುಡುಕುವುದು, ಟ್ರಾನ್ಸ್‌ಫರ್ಮೇಷನ್‌ನ ಮ್ಯಾಟ್ರಿಕ್ಸ್ ಬರೆಯುವುದು, ರ‍್ಯಾಂಕ್–ನಲಿಟಿ, ಐಗನ್ ವ್ಯಾಲ್ಯೂ, ಸಿಲಬಸ್‌ನಲ್ಲಿ ಇನ್ನರ್ ಪ್ರಾಡಕ್ಟ್ ಇದ್ದರೆ ಗ್ರಾಮ್–ಸ್ಮಿತ್. ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಇವುಗಳಿಂದಲೇ ಎಷ್ಟು ಅಂಕ ಬರುತ್ತವೆ ಅಂತ ಕೂಡಿಸಿ ನೋಡು. ಥಿಯರಿಯ ಗೆರೆ ಇದರಲ್ಲೇ ದಾಟುವುದು ನಿನಗೇ ಕಾಣುತ್ತದೆ. ಉದ್ದುದ್ದ ಪ್ರೂಫ್‌ಗಳನ್ನು ಕಡೆಗೆ ಇಡು, ಸಮಯ ಉಳಿದರೆ ನೋಡಿಕೋ. ಬೆಳಿಗ್ಗೆ ಎದ್ದವಳೇ ಮೊಬೈಲ್ ನೋಡುವ ಮುಂಚೆ ಬಿಳಿ ಹಾಳೆಯ ಮೇಲೆ ಒಂದು ಲೆಕ್ಕ. ಪುಸ್ತಕ ಓದಬೇಡ, ಕೈಯಿಂದ ಬಿಡಿಸು. ‘ಕಣ್ಣು ಓಡುತ್ತದೆ, ತಲೆಗೆ ಹೋಗುವುದಿಲ್ಲ’ ಅಂದೆಯಲ್ಲ, ಗಣಿತ ಕಣ್ಣಿನಿಂದ ಯಾರ ತಲೆಗೂ ಹೋಗುವುದಿಲ್ಲ.

ಲಾ ಸ್ಕೂಲಿಗೆ ಯಾಕೆ ಬರೆಯಬಾರದು ಅಂದೆ? ಹೇಳುವಂಥದ್ದು ಏನೂ ಆಗಿಲ್ಲ. ಒಂದು ಇಂಟರ್ನಲ್‌ನಲ್ಲಿ ಕಡಿಮೆ ಬಂತು ಅಂತ ತಿಳಿದುಕೊಂಡು ಅವರು ಮಾಡುವುದಾದರೂ ಏನು! ಆದರೆ ಅವರು ಕಳಿಸಿದ ಆಫರ್ ಲೆಟರ್ ಅನ್ನು ಇವತ್ತು ಇನ್ನೊಮ್ಮೆ ಓದು. ಅಪ್ಪನಿಗೂ ಓದಿ ಹೇಳು. ಡಿಗ್ರಿ ಪಾಸಾದ ದಾಖಲೆ ಯಾವ ದಿನಾಂಕದೊಳಗೆ ಕೊಡಬೇಕು, ಫಲಿತಾಂಶ ತಡವಾದರೆ ಏನು ಕೊಡಬೇಕು ಅಂತ ಅದರಲ್ಲಿ ಇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ರಿಸಲ್ಟ್ ತಡವಾಗುವುದು ಹೊಸದಲ್ಲ. ಹಾಗೇನಾದರೂ ಆದರೆ ಪರೀಕ್ಷೆ ಬರೆದು ಮುಗಿಸಿದ್ದಾಳೆ, ಫಲಿತಾಂಶ ಬಾಕಿ ಇದೆ ಅಂತ ಪ್ರಿನ್ಸಿಪಾಲರ ಸಹಿ, ಸೀಲು ಇರುವ ಪತ್ರ ಮಾಡಿಸಿಕೊಂಡು ಗಡುವಿಗೆ ಮುಂಚೆಯೇ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕು. ಗಡುವು ದಾಟಿದ ಮರುದಿನ ಹಾಕಿದ ಮೇಲ್‌ಗೆ ಅಷ್ಟು ತೂಕ ಇರುವುದಿಲ್ಲ. ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ. ಲೈಬ್ರರಿ ಪುಸ್ತಕ ವಾಪಸ್ ಕೊಟ್ಟು ನೋ ಡ್ಯೂ ಈಗಲೇ ಮಾಡಿಸಿಡು.

ಒಂದು ವೇಳೆ ಫೇಲ್ ಆದರೆ? ಅವತ್ತೇ ಅವರಿಗೆ ತಿಳಿಸಬೇಕು, ಮುಚ್ಚಿಡಬಾರದು. ಜೊತೆಗೆ ಉತ್ತರಪತ್ರಿಕೆಯ ಫೋಟೊಕಾಪಿಗೂ ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕು. ‘ರಿಸಲ್ಟ್ ಬಂದಿಲ್ಲ’ ಅಂತ ಸುಳ್ಳು ಡಿಕ್ಲರೇಷನ್‌ಗೆ ಸಹಿ ಹಾಕು ಅಂತ ಸಲಹೆ ಕೊಡುವವರು ಸಿಗುತ್ತಾರೆ, ಸಂಬಂಧಿಕರಲ್ಲೇ ಸಿಗುತ್ತಾರೆ. ಅವರ ಮಾತು ಕೇಳಬೇಡ. ಎಲ್‌ಎಲ್‌ಬಿ ಮುಗಿಸಿ ಸನ್ನದು ತೆಗೆದುಕೊಳ್ಳಲು ರಾಜ್ಯ ವಕೀಲರ ಪರಿಷತ್ತಿಗೆ ಹೋದಾಗ ಹಿಂದಿನ ಅಂಕಪಟ್ಟಿಗಳೆಲ್ಲ ಮೇಜಿನ ಮೇಲೆ ಬರುತ್ತವೆ.

ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ‘ಇನ್ನೇನು ಚಿಂತೆ’ ಅನ್ನುವವರಿಗೆ ಪ್ರೊವಿಷನಲ್ ಅನ್ನುವುದರ ಅರ್ಥ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ. ನೀನೇ ಹೇಳು. ಊರಿನ ಸನ್ಮಾನ, ನೆಂಟರ ಮನೆ ಊಟ ಎಲ್ಲ ಪರೀಕ್ಷೆ ಮುಗಿಯುವವರೆಗೆ ಮುಂದಕ್ಕೆ ಹಾಕಿಸು. ಈ ಕೆಲಸ ಅಪ್ಪನಿಗಿಂತ ಅಮ್ಮ ಚೆನ್ನಾಗಿ ಮಾಡುತ್ತಾರೆ.

ಪ್ರಶ್ನೆ: ಸರ್, ನಾನು ಬಿಕಾಂ ಆರನೇ ಸೆಮ್. ಡೈರೆಕ್ಟ್ ಎಂಟ್ರಿಯಲ್ಲಿ ಸಿಎ ಇಂಟರ್‌ಮೀಡಿಯೆಟ್‌ಗೆ ಪ್ರೊವಿಷನಲ್ ರಿಜಿಸ್ಟ್ರೇಷನ್ ಮಾಡಿಸೇನಿ. ಐದು ಸೆಮ್ ಸೇರಿ ಶೇ 53.8 ಐತಿ. ಈ ಸೆಮ್‌ನಲ್ಲಿ ಇನ್‌ಕಂ ಟ್ಯಾಕ್ಸ್ ಪೇಪರ್ ಕೈ ಕೊಡತೈತಿ ಅನಸ್ತೈತಿ. ಪಾಸಾದ್ರ ಸಾಕಲ್ಲ?
— ಓದುಗ, ಹುಬ್ಬಳ್ಳಿ

ಉತ್ತರ: ಸಾಲದಪ್ಪ. ಮೇಲಿನ ಹುಡುಗಿಗೆ ಹೇಳಿದ್ದನ್ನು ಓದಿ ನೀನು ಸಮಾಧಾನ ಮಾಡಿಕೊಳ್ಳಬೇಡ, ನಿನ್ನ ಲೆಕ್ಕ ಬೇರೆ. ಕಾಮರ್ಸ್ ಪದವೀಧರರು ಸಿಎಯ ಮೊದಲ ಹಂತವಾದ ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬೇಕಾದರೆ ಡಿಗ್ರಿಯಲ್ಲಿ ಶೇ 55 ಬೇಕು. ಕೊನೆಯ ವರ್ಷದಲ್ಲಿ ಇರುವವರಿಗೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ಪ್ರೊವಿಷನಲ್ ಆಗಿ ಹೆಸರು ಬರೆದುಕೊಳ್ಳುತ್ತದೆ, ನಿಜ. ಆದರೆ ಕೊನೆಯ ಪರೀಕ್ಷೆ ಬರೆದ ಆರು ತಿಂಗಳೊಳಗೆ ಅಷ್ಟು ಅಂಕ ಬಂದಿರುವ ದಾಖಲೆ ಕೊಡದಿದ್ದರೆ ಆ ರಿಜಿಸ್ಟ್ರೇಷನ್ ರದ್ದು.

ಎಲ್ಲ ಸೆಮ್‌ಗೂ ಒಟ್ಟು ಅಂಕ ಒಂದೇ ಅಂತ ಇಟ್ಟುಕೊಂಡರೆ, ಆರು ಸೆಮ್‌ಗೆ ಸರಾಸರಿ 55 ಬರಲು ಒಟ್ಟು 330 ಬೇಕು. ಐದರಲ್ಲಿ ನೀನು ಮಾಡಿರುವುದು 269. ಉಳಿದದ್ದು 61. ಅಂದರೆ ಇಲ್ಲಿವರೆಗೆ 53.8 ತೆಗೆದವನು ಈ ಒಂದು ಸೆಮ್‌ನಲ್ಲಿ ಶೇ 61 ತೆಗೆಯಬೇಕು. ಆಗದ ಮಾತಲ್ಲ, ಆದರೆ ಒಂದು ಪೇಪರ್ ‘ಜಸ್ಟ್ ಪಾಸ್’ ಮಾಡಿ ಆಗುವ ಮಾತೂ ಅಲ್ಲ. ಇನ್‌ಕಂ ಟ್ಯಾಕ್ಸ್ ಒಂದನ್ನೇ ಹಿಡಿದು ಕೂರಬೇಡ. ನಿನಗೆ ಯಾವ ಪೇಪರ್‌ನಲ್ಲಿ 75 ಬರುತ್ತದೋ ಅದರಲ್ಲಿ 80 ತೆಗೆಯುವುದು ಸುಲಭ; ಟ್ಯಾಕ್ಸ್‌ನಲ್ಲಿ 40ರಿಂದ 50ಕ್ಕೆ ಏರುವುದಕ್ಕಿಂತ ಬೇಗ ಕೈಗೆ ಸಿಗುವ ಅಂಕ ಅಲ್ಲಿವೆ. ಟ್ಯಾಕ್ಸ್‌ನಲ್ಲಿ ನಿನ್ನ ಸಿಲಬಸ್‌ನಲ್ಲಿರುವ ದೊಡ್ಡ ಲೆಕ್ಕಗಳ ನಮೂನೆ ಬಾಯಿಗೆ ಬರುವವರೆಗೆ ಬರೆ. ಹೇಗಿದ್ದರೂ ಇಂಟರ್‌ಮೀಡಿಯೆಟ್‌ನಲ್ಲಿ ಟ್ಯಾಕ್ಸೇಷನ್ ಮತ್ತೆ ಎದುರಾಗುತ್ತದೆ, ಅಲ್ಲಿ ಇದಕ್ಕಿಂತ ಗಟ್ಟಿ.

ನಿನ್ನ ಅಂಕಪಟ್ಟಿ ಸಿಜಿಪಿಎಯಲ್ಲಿ ಇದ್ದರೆ, ಅದನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರ ಯಾವುದು ಅಂತ ನಿನ್ನ ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ತಗೋ. ಮೊಬೈಲ್ ಆ್ಯಪ್ ಹೇಳುವ ಪರ್ಸೆಂಟೇಜ್ ನಂಬಬೇಡ. 55 ಮುಟ್ಟದೇ ಹೋದರೆ ಫೌಂಡೇಷನ್ ದಾರಿ ಇದ್ದೇ ಇದೆ. ಅರ್ಜಿ ಹಾಕುವ ದಿನಾಂಕಗಳನ್ನು ಈಗಲೇ ನೋಡಿಟ್ಟುಕೋ, ರಿಸಲ್ಟ್ ಬಂದ ಮೇಲೆ ಹುಡುಕಲು ಹೊರಟರೆ ಒಂದು ಅವಕಾಶ ಕೈ ತಪ್ಪಬಹುದು.